ಪದ ಪರಿಚಯ: ಮಾಡ್ಯುಲರ್ ಅಂದರೆ ಚೌಕ ಚೌಕ ಅಲ್ಲ

ಅಕ್ಷರ ಸ್ವಲ್ಪ ಚೌಕಾಕಾರವಾಗಿ ಕಂಡರೆ ಸಾಕು, ಒಬ್ಬರು ‘ಮಾಡ್ಯುಲರ್ ಫಾಂಟ್’ ಅನ್ನುತ್ತಾರೆ, ಇನ್ನೊಬ್ಬರು ‘ಪಿಕ್ಸೆಲ್ ಫಾಂಟ್’ ಅನ್ನುತ್ತಾರೆ. ಮೊನ್ನೆ ಒಂದು ಪೋಸ್ಟರ್ ಬಗ್ಗೆ ಮಾತಾಡುವಾಗ ಎರಡೂ ಪದ ಒಂದೇ ಉಸಿರಿನಲ್ಲಿ ಬಂದವು. ಆ ಪೋಸ್ಟರಿನಲ್ಲಿ ಇದ್ದದ್ದು ಎರಡೂ ಅಲ್ಲ. ಮಾಮೂಲಿ ದುಂಡು ಅಕ್ಷರಕ್ಕೆ ಫಿಲ್ಟರ್ ಹಾಕಿ ಅಂಚು ಒಡೆದಿದ್ದರು, ಅಷ್ಟೇ. ಎಷ್ಟು ಸಲ ಅಂತ ಸುಮ್ನೆ ಇರೋದು?

ಲ್ಯಾಟಿನ್ನಿನಲ್ಲಿ ‘ಮೋಡುಸ್’ ಅಂದರೆ ಅಳತೆ. ‘ಮೋಡುಲುಸ್’ ಅಂದರೆ ಪುಟ್ಟ ಅಳತೆ. ನಮ್ಮ ‘ಮಾಡ್ಯುಲರ್’ ಬಂದದ್ದು ಇದರಿಂದಲೇ. ಹಳೇ ರೋಮಿನ ವಾಸ್ತುಶಿಲ್ಪಿ ವಿಟ್ರುವಿಯಸ್ ಕಟ್ಟಡಗಳ ಬಗ್ಗೆ ಬರೆಯುವಾಗ ಈ ಪದವನ್ನೇ ಬಳಸಿದ. ದೇವಸ್ಥಾನದ ಕಂಬದ ದಪ್ಪವೇ ಒಂದು ಅಳತೆ. ಕಂಬದ ಎತ್ತರ, ಕಂಬಗಳ ನಡುವಿನ ಜಾಗ, ಎಲ್ಲಾ ಅದರ ಲೆಕ್ಕದಲ್ಲೇ. ಗೇಣು, ಮೊಳದ ಹಾಗೆ ಹೊರಗಿನಿಂದ ತಂದ ಅಳತೆಯಲ್ಲ ಇದು, ಕಟ್ಟಡದ ಒಳಗೇ ಇರುವಂಥದ್ದು. ಇದೇ ಮೋಡುಲುಸ್ ಫ್ರೆಂಚಿನ ದಾರಿ ಹಿಡಿದು ಇಂಗ್ಲಿಷಿನಲ್ಲಿ ‘ಮೋಲ್ಡ್’ ಆಯಿತು. ಮೋಲ್ಡಿಗೆ ನಾವು ಅಚ್ಚು ಅನ್ನುತ್ತೇವೆ. ಪುಸ್ತಕ ಮುದ್ರಿಸುವುದಕ್ಕೂ ಅಚ್ಚು ಹಾಕುವುದು ಅನ್ನುತ್ತೇವೆ. ಬೆಲ್ಲದ ಅಚ್ಚೂ ಅಕ್ಷರದ ಅಚ್ಚೂ ನಮಗೆ ಒಂದೇ ಪದ, ನೋಡಿ. ಈ ನಂಟು ನನಗೆ ತುಂಬಾ ಇಷ್ಟ. ಆದರೆ ಇಷ್ಟರಲ್ಲಿ ಚೌಕ ಎಲ್ಲಿ ಬಂತು? ಎಲ್ಲೂ ಇಲ್ಲ.

ಮಾಡ್ಯುಲರ್ ಅಕ್ಷರ ಅಂದರೆ ಕೆಲವೇ ತುಂಡುಗಳನ್ನು ಮತ್ತೆ ಮತ್ತೆ ಜೋಡಿಸಿ ಕಟ್ಟಿದ್ದು. ಜರ್ಮನಿಯ ಬೌಹೌಸ್ ಅನ್ನೋ ವಿನ್ಯಾಸ ಶಾಲೆಯಲ್ಲಿ ಯೋಸೆಫ್ ಆಲ್ಬರ್ಸ್ ಒಂದು ಅಕ್ಷರಮಾಲೆ ಮಾಡಿದರು. ಅದರಲ್ಲಿ ಇದ್ದದ್ದು ಮೂರೇ ಆಕಾರ: ಚೌಕ, ಕಾಲು ವೃತ್ತ, ಪೂರ್ತಿ ವೃತ್ತ. ಅಪ್ಪಟ ಮಾಡ್ಯುಲರ್. ಪಿಕ್ಸೆಲ್ ಅನ್ನೋ ಪದ ಆಗ ಹುಟ್ಟಿರಲೂ ಇಲ್ಲ.

ಪಿಕ್ಸೆಲ್ ಅಂದರೆ ಪರದೆಯ ಚಿತ್ರದ ಅತಿ ಪುಟ್ಟ ಚುಕ್ಕಿ. ‘ಪಿಕ್ಸ್’ ಅಂದರೆ ಚಿತ್ರಗಳು, ‘ಎಲ್’ ಅಂದರೆ ‘ಎಲಿಮೆಂಟ್’ (ಅಂಶ) ಅನ್ನೋ ಪದದ ತುಂಡು. ಈ ಪದ ಬರಹದಲ್ಲಿ ಕಾಣಿಸಿಕೊಂಡದ್ದು 1965ರಲ್ಲಿ, ಬಾಹ್ಯಾಕಾಶ ನೌಕೆಗಳು ಕಳಿಸಿದ ಚಿತ್ರಗಳ ಬಗ್ಗೆ ಬರೆಯುವಾಗ. ಪಿಕ್ಸೆಲ್ ಅಕ್ಷರದಲ್ಲಿ ತುಂಡಿನ ಆಕಾರವನ್ನು ಪರದೆಯೇ ತೀರ್ಮಾನ ಮಾಡಿರುತ್ತದೆ. ವಿನ್ಯಾಸಕರಿಗೆ ಉಳಿಯುವುದು ಒಂದೇ ಕೆಲಸ: ಚೌಕಳಿಯ ಈ ಮನೆ ತುಂಬಬೇಕಾ, ಖಾಲಿ ಬಿಡಬೇಕಾ? ಹಾಗಾಗಿ ಪಿಕ್ಸೆಲ್ ಅಕ್ಷರ ಮಾಡ್ಯುಲರ್ ಹೌದು. ಮಾಡ್ಯುಲರ್ ಆದದ್ದೆಲ್ಲಾ ಪಿಕ್ಸೆಲ್ ಅಲ್ಲ.

1984ರ ಆಪಲ್ ಮ್ಯಾಕಿಂಟಾಷ್ ಕಂಪ್ಯೂಟರಿಗೆ ವಿನ್ಯಾಸಕಿ ಸೂಸನ್ ಕೇರ್ ‘ಶಿಕಾಗೊ’ ಫಾಂಟ್ ಬಿಡಿಸಿದ್ದು ಹೀಗೇ, ಒಂದೊಂದೇ ಮನೆ ತುಂಬಿ. ಮರುವರ್ಷ ಇನ್ನೊಬ್ಬ ವಿನ್ಯಾಸಕಿ ಝುಝಾನಾ ಲಿಚ್ಕೊ ‘ಎಂಪರರ್’ ಅನ್ನೋ ಪಿಕ್ಸೆಲ್ ಫಾಂಟ್ ಮಾಡಿದಾಗ ಎಂಟು, ಹತ್ತು, ಹದಿನೈದು, ಹತ್ತೊಂಬತ್ತು ಅಂತ ಪ್ರತಿ ಅಳತೆಗೂ ಬೇರೆ ಬೇರೆ ಬಿಡಿಸಿದರು. ಎಂಟರ ಅಕ್ಷರವನ್ನು ಹಿಗ್ಗಿಸಿದರೆ ಹತ್ತರದ್ದು ಆಗುವುದಿಲ್ಲ. ಫಿಲ್ಟರ್ ಹಾಕುವವರು ಮರೆಯುವುದು ಇದನ್ನೇ.

ಕನ್ನಡದಲ್ಲಿ ಇದು ಇನ್ನೂ ಸೂಕ್ಷ್ಮ. ಚೌಕಳಿ ಹಾಳೆಯಲ್ಲಿ ಎಂಟು ಮನೆ ಎತ್ತರಕ್ಕೆ ‘ದ’ ಬರೆದು ನೋಡಿ. ತಲೆಕಟ್ಟಿಗೆ ಮೇಲಿನ ಸಾಲು ಹೋಯಿತು. ಹೊಟ್ಟೆ ಮುಚ್ಚಿಹೋಗದ ಹಾಗೆ ಒಳಗೆ ಖಾಲಿ ಬಿಡಬೇಕು. ಈಗ ಅದನ್ನು ‘ಧ’ ಮಾಡಿ. ಕೆಳಗಿನ ಸೀಳಿಗೆ ಸಿಗುವುದು ಒಂದೇ ಮನೆ. ಅದು ತುಂಬಿದರೆ ಧನ, ಖಾಲಿ ಉಳಿದರೆ ದನ. ಫಿಲ್ಟರಿಗೆ ಈ ವ್ಯತ್ಯಾಸ ಗೊತ್ತಾಗಲ್ಲ, ಅಲ್ವಾ? ಇನ್ನು ಒತ್ತಕ್ಷರ. ಇಂಗ್ಲಿಷಿನ ದೊಡ್ಡಕ್ಷರಕ್ಕೆ 5 ಅಡ್ಡ, 7 ಉದ್ದ ಮನೆ ಸಾಕು. ‘ರಾಷ್ಟ್ರ’ದಲ್ಲಿ ‘ಷ’ಕ್ಕೆ ಎರಡು ಒತ್ತು. ಅವಕ್ಕೆ ಜಾಗ ಮಾಡಲು ಮೇಲಿನ ಅಕ್ಷರದ ಯಾವ ಸಾಲು ಬಿಡಬೇಕು ಅಂತ ಒಬ್ಬರು ಕೂತು ಯೋಚಿಸಬೇಕು. ಯಾರೂ ಯೋಚಿಸದ ಕಡೆ, ಬಸ್ಸಿನ ಎಲ್‌ಇಡಿ ಬೋರ್ಡಿನಲ್ಲಿ, ಒತ್ತು ಬರೀ ಚುಕ್ಕಿಯ ಗುಡ್ಡೆಯಾಗಿ ಕಾಣುತ್ತದೆ.

ಆ ಪೋಸ್ಟರಿನ ಅಕ್ಷರಕ್ಕೆ ‘ಅಂಚು ಒಡೆದ ಅಕ್ಷರ’ ಅನ್ನಿ. ಸರಿಹೋಗುತ್ತದೆ.