ಸಿರೋಸಿಸ್ ರೋಗಿ ಮಂಕಾದರೆ ಮೊದಲು ಕಾರಣ ಹುಡುಕಿ

"ರಾತ್ರಿಯೆಲ್ಲ ಎದ್ದಿರ್ತಾರೆ ಡಾಕ್ಟ್ರೇ, ಹಗಲೆಲ್ಲ ಮಲಗಿರ್ತಾರೆ. ಏನೇನೋ ಮಾತಾಡ್ತಾರೆ." ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗಿ ಕೆಲಸ ಕುಂದುವ ರೋಗ, ಇರುವವರ ಮನೆಯವರು ಹೀಗೆಂದರೆ ನಾನು ರೋಗಿಗೆ ಎರಡೂ ಕೈ ಮುಂದೆ ಚಾಚಿ, ಬಸ್ ನಿಲ್ಲಿಸುವವರಂತೆ ಅಂಗೈ ಎದುರಿಗೆ ಕಾಣುವ ಹಾಗೆ ಮಣಿಕಟ್ಟು ಹಿಂದಕ್ಕೆ ಬಾಗಿಸಿ ಹಿಡಿಯಲು ಹೇಳುತ್ತೇನೆ. ಸ್ವಲ್ಪ ಹೊತ್ತಿಗೆ ಮಣಿಕಟ್ಟು ತಟ್ಟನೆ ಸಡಿಲವಾಗಿ ಕೈ ಜೋಲುತ್ತದೆ, ಮತ್ತೆ ಮೇಲೇಳುತ್ತದೆ. ಲಿವರ್ ತೆಗೆದುಹಾಕಬೇಕಿದ್ದ ಅಮೋನಿಯದಂಥ ವಸ್ತುಗಳು ಮಿದುಳನ್ನು ಮಂಕು ಮಾಡಿವೆ ಎಂಬುದಕ್ಕೆ ಇದೊಂದು ಗುರುತು.

ಮಲ ಸಡಿಲಿಸಿ ಅಮೋನಿಯ ಇಳಿಸುವ ಲ್ಯಾಕ್ಟುಲೋಸ್ ಸಿರಪ್ ಬರೆದು ಕಳಿಸಿಬಿಡುವುದು ಸುಲಭ. ಆದರೆ ಮೊನ್ನೆಯವರೆಗೆ ಸರಿಯಾಗಿದ್ದವರು ಈಗ ಯಾಕೆ ಹೀಗಾದರು? ಹೆಚ್ಚಿನ ಸಲ ಕಾರಣ ಸಿಗುತ್ತದೆ. ಮಲ ಕಟ್ಟಿರಬಹುದು. ಯಾರೋ ನಿದ್ದೆ ಮಾತ್ರೆ ಕೊಟ್ಟಿರಬಹುದು. ಮೂತ್ರ ಹೋಗಿಸುವ ಮಾತ್ರೆ ಜಾಸ್ತಿಯಾಗಿ ಪೊಟ್ಯಾಸಿಯಂ ಇಳಿದಿರಬಹುದು. ಮಲ ಡಾಂಬರಿನಂತೆ ಕಪ್ಪಗಿದ್ದರೆ ಒಳಗೆ ರಕ್ತ ಸೋರುತ್ತಿರಬಹುದು.

ಇನ್ನೊಂದು ಕಾರಣ ಸೋಂಕು. ಹೊಟ್ಟೆಯಲ್ಲಿ ನೀರು ತುಂಬಿದವರು ಅಡ್ಮಿಟ್ ಆದ ದಿನವೇ ಸೂಜಿ ಹಾಕಿ ಆ ನೀರನ್ನು ಲ್ಯಾಬಿಗೆ ಕಳಿಸಬೇಕು. ಈ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. ಜ್ವರ, ಹೊಟ್ಟೆನೋವು ಏನೂ ಇಲ್ಲದೆಯೂ ನೀರಿಗೆ ಸೋಂಕು ತಗುಲಿರಬಹುದು. ಪ್ಲೇಟ್‌ಲೆಟ್ ಕಡಿಮೆ ಇದೆ ಎಂದು ಕಿರಿಯ ವೈದ್ಯರು ಸೂಜಿ ಹಾಕಲು ಹಿಂಜರಿಯುತ್ತಾರೆ. ದೊಡ್ಡ ರಕ್ತಸ್ರಾವ ಆಗುವುದು ಅಪರೂಪ, ತಡ ಮಾಡಿದರೇ ಅಪಾಯ ಜಾಸ್ತಿ. ಕಲ್ಚರ್ ಬಾಟಲಿಯನ್ನು (ಇದರಲ್ಲಿ ರೋಗಾಣು ಬೆಳೆಸಿ ನೋಡುತ್ತಾರೆ) ರೋಗಿಯ ಮಂಚದ ಪಕ್ಕದಲ್ಲೇ ತುಂಬಿಸಿ. ಆ ನೀರಿನ ಒಂದು ಘನ ಮಿಲಿಮೀಟರಿನಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು 250 ಮುಟ್ಟಿದ್ದರೆ ಕಲ್ಚರ್ ವರದಿಗೆ ಕಾಯದೆ ಆಂಟಿಬಯೋಟಿಕ್ ಶುರು ಮಾಡಬೇಕು. ಜೊತೆಗೆ ರಕ್ತನಾಳಕ್ಕೆ ಕೊಡುವ ಅಲ್ಬುಮಿನ್ ಎಂಬ ಪ್ರೋಟೀನ್: ಮೊದಲ ದಿನ ಕಿಲೋ ತೂಕಕ್ಕೆ 1.5 ಗ್ರಾಂ, ಮೂರನೇ ದಿನ ಕಿಲೋ ತೂಕಕ್ಕೆ 1 ಗ್ರಾಂ. ಇದು ಕಿಡ್ನಿ ಕೈಕೊಡದಂತೆ ಕಾಪಾಡಲಿಕ್ಕೆ.

ಲ್ಯಾಕ್ಟುಲೋಸ್ ಎಷ್ಟು ಚಮಚ ಎಂದು ಎಲ್ಲರೂ ಕೇಳುತ್ತಾರೆ. ನಾನು ಹೇಳುವುದು ಚಮಚದ ಲೆಕ್ಕವಲ್ಲ, ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲ ಹೋಗಬೇಕು ಎಂದು. ಅದಕ್ಕೆ ತಕ್ಕಂತೆ ಡೋಸ್ ಏರಿಸಿ, ಇಳಿಸಿ. ನೀರು ನೀರಾಗಿ ಬೇಧಿಯಾದರೆ ದೇಹ ಒಣಗಿ ಮಂಕು ಇನ್ನೂ ಜಾಸ್ತಿಯಾಗುತ್ತದೆ. ಲ್ಯಾಕ್ಟುಲೋಸ್ ತೆಗೆದುಕೊಳ್ಳುತ್ತಿದ್ದರೂ ಮತ್ತೆ ಮಂಕಾದರೆ ಕರುಳಿನಲ್ಲೇ ಕೆಲಸ ಮಾಡುವ ರಿಫಾಕ್ಸಿಮಿನ್ ಎಂಬ ಆಂಟಿಬಯೋಟಿಕ್ ಸೇರಿಸುತ್ತೇವೆ.

ಪ್ರೋಟೀನ್ ನಿಲ್ಲಿಸಿ ಎಂಬ ಹಳೆಯ ಸಲಹೆ ಇನ್ನೂ ಓಡಾಡುತ್ತಿದೆ. ದಯವಿಟ್ಟು ನಿಲ್ಲಿಸಬೇಡಿ. ಮಾಂಸಖಂಡಗಳೂ ಅಮೋನಿಯ ಇಳಿಸುತ್ತವೆ, ಅವು ಕರಗಿದರೆ ನಷ್ಟ ರೋಗಿಗೇ. ದಿನಕ್ಕೆ ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಮಲಗುವ ಮುಂಚೆ ಏನಾದರೂ ತಿನ್ನಬೇಕು. ಹೊಟ್ಟೆಯಲ್ಲಿ ನೀರಿರುವವರಿಗೆ ಬಿಗಿ ಬೇಕಿರುವುದು ಉಪ್ಪಿನಲ್ಲಿ: ಇಡೀ ದಿನಕ್ಕೆ 5 ಗ್ರಾಂ ಮೀರಬಾರದು.

ರಕ್ತ ವಾಂತಿಯಾದರೆ ಮನೆಯಲ್ಲಿ ಕಾಯುವ ಮಾತೇ ಇಲ್ಲ. ಆಸ್ಪತ್ರೆಯಲ್ಲಿ ಎಂಡೋಸ್ಕೋಪಿಗೆ ಮುಂಚೆಯೇ ರಕ್ತ ಸೋರುವುದನ್ನು ತಗ್ಗಿಸುವ ಟರ್ಲಿಪ್ರೆಸಿನ್‌ನಂಥ ಔಷಧಿ ಮತ್ತು ಆಂಟಿಬಯೋಟಿಕ್ ಹೋಗಬೇಕು. ಸಾಧ್ಯವಾದರೆ 12 ಗಂಟೆಯೊಳಗೆ ಎಂಡೋಸ್ಕೋಪಿ ಮಾಡಿ ಅನ್ನನಾಳದಲ್ಲಿ ಊದಿದ ರಕ್ತನಾಳಗಳಿಗೆ ಬಿಗಿಯುವ ರಬ್ಬರ್ ಬ್ಯಾಂಡ್ ಹಾಕಬೇಕು.

ಕೊನೆಗೆ ನೋವಿನ ಮಾತ್ರೆ. ಲಿವರ್‌ಗೆ ಕೆಟ್ಟದ್ದು ಎಂದು ಪ್ಯಾರಾಸಿಟಮಾಲ್‌ಗೆ ಹೆದರಿ ಡೈಕ್ಲೋಫೆನಾಕ್ ನುಂಗುವವರಿದ್ದಾರೆ. ಇದು ಪೂರ್ತಿ ಉಲ್ಟಾ. ವೈದ್ಯರನ್ನು ಕೇಳಿ ದಿನಕ್ಕೆ 2 ಗ್ರಾಂ ಒಳಗೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡವೇ ಬೇಡ. ಅವು ಕಿಡ್ನಿಗೆ ಹೋಗುವ ರಕ್ತ ಕಡಿಮೆ ಮಾಡುತ್ತವೆ, ರಕ್ತಸ್ರಾವದ ಭಯವೂ ಇದೆ. ಔಷಧಿ ಚೀಟಿಯ ಜೊತೆ ಅಂಗಡಿಯಿಂದ ಸುಮ್ನೆ ತಂದ ಮಾತ್ರೆಗಳನ್ನೂ ತಂದು ತೋರಿಸಿ.