ಹೆಪ್ಪುಗಟ್ಟದ ಮೀನು, ಡಲ್ ಹೊಡೆಯುವ ವ್ಯಾಪಾರ

ಕಳೆದ ಬೇಸಿಗೆಯಲ್ಲಿ ನಮ್ಮ ಏರಿಯಾದಲ್ಲಿ ಕರೆಂಟ್ ಕಣ್ಣಾಮುಚ್ಚಾಲೆ ಆಡುತ್ತಿತ್ತು. ಫ್ರೀಜರಿನಲ್ಲಿದ್ದ ವೆನಿಲಾ ಫ್ಯಾಮಿಲಿ ಪ್ಯಾಕ್ ಎರಡು ಸಲ ಕರಗಿ ಎರಡು ಸಲ ಗಟ್ಟಿಯಾಯಿತು. ಮೂರನೇ ದಿನ ಮುಚ್ಚಳ ತೆಗೆದರೆ ಮೇಲೆಲ್ಲ ಬಿಳಿ ಹುಡಿ. ಒಂದು ಚಮಚ ಬಾಯಿಗಿಟ್ಟರೆ ಮರಳು ಬೆರೆಸಿದ ಹಾಗೆ ಹಲ್ಲಿಗೆ ಕರಕರ ಅಂತ ಸಿಕ್ಕಿತು. ಮಗಳು ಚಮಚ ಕೆಳಗಿಟ್ಟು "ಅಪ್ಪಾ, ಇದು ಹಾಳಾಗಿದೆ" ಅಂದಳು. ವಾಸನೆ, ಸಿಹಿ ಎಲ್ಲ ಸರಿಯಾಗೇ ಇತ್ತು. ಒಳಗಿನ ಐಸ್ ಹರಳುಗಳು ದಪ್ಪಗಾಗಿದ್ದವು, ಅಷ್ಟೆ.

ಒಳ್ಳೆಯ ಐಸ್‌ಕ್ರೀಮಿನಲ್ಲಿ ಹರಳುಗಳು ಸುಮಾರು 20ರಿಂದ 50 ಮೈಕ್ರಾನ್ ಇರುತ್ತವೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಕೂದಲಿಗಿಂತ ಸಣ್ಣ ಹರಳು ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಬಿಸಿ ಸ್ವಲ್ಪ ಏರಿ ಇಳಿದರೆ ಸಣ್ಣವು ಕರಗುತ್ತವೆ. ಆ ನೀರು ಮತ್ತೆ ಗಟ್ಟಿಯಾಗುವಾಗ ಪಕ್ಕದ ದೊಡ್ಡ ಹರಳಿಗೆ ಹೋಗಿ ಅಂಟುತ್ತದೆ. ದೊಡ್ಡದು ಇನ್ನೂ ದೊಡ್ಡದಾಗುತ್ತದೆ. ಲಾರಿ, ಗೋಡೌನ್, ಅಂಗಡಿ, ಮನೆ ಅಂತ ಅಲೆಯುವ ಪ್ರತಿ ಡಬ್ಬಿಯಲ್ಲೂ ಇದು ನಡೆಯುತ್ತಲೇ ಇರುತ್ತದೆ. ಇದನ್ನು ತಡೆಯಬಲ್ಲ ಒಂದು ವಸ್ತು ಧ್ರುವ ಪ್ರದೇಶದ ಮೀನುಗಳ ಮೈಯಲ್ಲಿದೆ. ಹೆಸರು ಆಂಟಿಫ್ರೀಜ್ ಪ್ರೋಟೀನ್.

1950ರ ದಶಕದಲ್ಲಿ ಕೆನಡಾದ ಲ್ಯಾಬ್ರಡಾರ್ ತೀರದ ಮೀನುಗಳು ಪರ್ ಶೊಲಾಂಡರ್ ಎಂಬ ವಿಜ್ಞಾನಿಯ ತಲೆ ತಿಂದವು. ಉಪ್ಪಿರುವುದರಿಂದ ಸಮುದ್ರದ ನೀರು ಮೈನಸ್ 1.9 ಡಿಗ್ರಿವರೆಗೂ ಹೆಪ್ಪುಗಟ್ಟುವುದಿಲ್ಲ. ಮೀನಿನ ರಕ್ತದಲ್ಲಿ ಅಷ್ಟು ಉಪ್ಪಿಲ್ಲ. ಅದು ಮೈನಸ್ 0.7ರ ಆಸುಪಾಸಿನಲ್ಲೇ ಗಟ್ಟಿಯಾಗಬೇಕು. ಅಂದರೆ ಸುತ್ತಲಿನ ನೀರು ಇನ್ನೂ ನೀರಾಗಿರುವಾಗಲೇ ಮೀನು ಐಸ್‌ಕ್ಯಾಂಡಿ ಆಗಬೇಕಿತ್ತು. ಅವು ಆರಾಮಾಗಿ ಈಜಿಕೊಂಡಿದ್ದವು.

ಆಳದ ಮೀನುಗಳ ಗುಟ್ಟು ಬೇಗ ತಿಳಿಯಿತು. ಅಲ್ಲಿ ಐಸ್ ಚೂರುಗಳೇ ಇಲ್ಲ. ಹೆಪ್ಪು ಹಾಕದೆ ಹಾಲು ಮೊಸರಾಗುವುದಿಲ್ಲವಲ್ಲ, ಹಾಗೇ ಇದೂ. ಮೊದಲ ಹರಳಿನ ಬೀಜ ಸಿಗದಿದ್ದರೆ ರಕ್ತ ತಣ್ಣಗಾಗಿಯೂ ಹರಿಯುತ್ತಲೇ ಇರುತ್ತದೆ. (ಕನ್ನಡದಲ್ಲಿ 'ಹೆಪ್ಪುಗಟ್ಟು' ಅಂತ ಹೇಳಿದವರು ಯಾರೋ, ಸರಿಯಾಗೇ ಹೇಳಿದ್ದಾರೆ.) ಆ ಮೀನಿಗೆ ಒಂದು ಐಸ್ ತುಂಡು ಮುಟ್ಟಿಸಿದರೆ ಸಾಕು, ಗಟ್ಟಿಯಾಗಿ ಸತ್ತುಹೋಗುತ್ತಿತ್ತು. ಆದರೆ ಮೇಲಿನ ನೀರಿನಲ್ಲಿ, ಐಸ್ ಪಕ್ಕದಲ್ಲೇ ಓಡಾಡುವ ಮೀನುಗಳ ಕತೆ ಏನು?

ಉತ್ತರ ಸಿಕ್ಕಿದ್ದು ಭೂಮಿಯ ಇನ್ನೊಂದು ತುದಿಯಲ್ಲಿ. ಅಮೆರಿಕದ ವಿಜ್ಞಾನಿ ಆರ್ಥರ್ ಡಿವ್ರೀಸ್ 1961ರಲ್ಲಿ ಅಂಟಾರ್ಕ್ಟಿಕಾದ ಮೆಕ್‌ಮರ್ಡೊ ಸಂಶೋಧನಾ ಕೇಂದ್ರಕ್ಕೆ ಹೋದಾಗ ಇನ್ನೂ ಹುಡುಗ. ಅಲ್ಲಿನ ಮೀನುಗಳ ರಕ್ತವನ್ನು ಅವರು ವರ್ಷಗಟ್ಟಲೆ ಜಾಲಾಡಿದರು. ಸಕ್ಕರೆ ಅಂಟಿಸಿಕೊಂಡ ಒಂದು ಪ್ರೋಟೀನ್ ಈ ಕೆಲಸ ಮಾಡುತ್ತಿದೆ ಅನ್ನುವುದು 1969ರ ಹೊತ್ತಿಗೆ ಹೊರಬಂತು.

ಉಪ್ಪಾಗಲಿ ಸಕ್ಕರೆಯಾಗಲಿ ನೀರನ್ನು ಹೆಪ್ಪುಗಟ್ಟದಂತೆ ತಡೆಯುವುದು ತಲೆ ಎಣಿಕೆಯ ಮೇಲೆ. ಎಷ್ಟು ಕಣ ಹಾಕಿದಿರೋ ಅಷ್ಟು ಪರಿಣಾಮ. ಈ ಪ್ರೋಟೀನ್ ಆ ಲೆಕ್ಕಕ್ಕಿಂತ 300ರಿಂದ 500 ಪಟ್ಟು ಜಾಸ್ತಿ ಕೆಲಸ ಮಾಡುತ್ತದೆ, ಯಾಕೆಂದರೆ ಅದು ನೇರವಾಗಿ ಹರಳಿನ ಮೈಮೇಲೇ ಹೋಗಿ ಕೂರುತ್ತದೆ. ಹತ್ತಿ ಹಾಸಿಗೆಗೆ ಅಲ್ಲಲ್ಲಿ ದಾರ ಹಾಕಿ ಬಿಗಿದರೆ ನಡುನಡುವೆ ಉಬ್ಬುತ್ತದಲ್ಲ, ಐಸ್ ಕೂಡ ಹಾಗೇ ಪ್ರೋಟೀನುಗಳ ನಡುವೆ ಉಬ್ಬುತ್ತದೆ. ಉಬ್ಬಿದ ಮೈಮೇಲೆ ಹೊಸ ನೀರಿನ ಕಣ ಬಂದು ಸೇರುವುದು ಕಷ್ಟ. ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ತಮಾಷೆ ಅಂದರೆ ಇದು ಕರಗುವುದನ್ನೂ ತಡೆಯುತ್ತದೆ. ಅಂಟಾರ್ಕ್ಟಿಕಾದ ಕೆಲವು ಮೀನುಗಳ ಮೈಯೊಳಗೆ ಸೇರಿದ ಐಸ್ ಚೂರುಗಳು ಬೇಸಿಗೆಯಲ್ಲೂ ಕರಗದೆ ಉಳಿದಿರುವುದು 2014ರಲ್ಲಿ ಪ್ರಕಟವಾಯಿತು.

ಈಗ ವ್ಯಾಪಾರದ ಮಾತಿಗೆ ಬರೋಣ. ಆಂಟಿಫ್ರೀಜ್ ಅಂದ ಕೂಡಲೇ ಮೈನಸ್ 30ರಲ್ಲೂ ಏನೂ ಹೆಪ್ಪುಗಟ್ಟದ ಹಾಗೆ ಮಾಡುವ ಮದ್ದು ಅಂದುಕೊಳ್ಳುತ್ತೇವೆ. ಮೀನಿನ ಪ್ರೋಟೀನ್ ತಡೆಯುವುದು ಒಂದೂವರೆ ಡಿಗ್ರಿಯಷ್ಟು ಮಾತ್ರ. ಕೆಲವು ಹುಳುಗಳದ್ದು ಐದು ಡಿಗ್ರಿ ದಾಟುತ್ತದೆ. ಆದರೆ ಇದಕ್ಕೆ ಇನ್ನೊಂದು ಗುಣವಿದೆ. ಆಗಲೇ ಹೆಪ್ಪುಗಟ್ಟಿದ ವಸ್ತುವಿನಲ್ಲಿ ಹರಳುಗಳು ದಪ್ಪಗಾಗದಂತೆ ಅದು ನೋಡಿಕೊಳ್ಳುತ್ತದೆ, ಅದೂ ಚಿಟಿಕೆಗಿಂತ ಕಮ್ಮಿ ಪ್ರಮಾಣದಲ್ಲಿ. ದುಡ್ಡು ಕೊಟ್ಟು ಕೊಂಡವರು ಕೊಂಡಿದ್ದು ಈ ಎರಡನೇ ಗುಣವನ್ನು.

ಮುಖ್ಯವಾಗಿ ಕೊಂಡಿದ್ದು ಯೂನಿಲಿವರ್. ಅವರು ಆರಿಸಿದ್ದು ಅಟ್ಲಾಂಟಿಕ್ ಸಾಗರದ ಓಷನ್ ಪೌಟ್ ಎಂಬ ಮೀನಿನ ಪ್ರೋಟೀನ್. ಐಸ್‌ಕ್ರೀಮಿಗಾಗಿ ಮೀನು ಹಿಡಿದು ರಕ್ತ ತೆಗೆಯುವುದು ಆಗದ ಮಾತು. ಹಾಗಾಗಿ ಆ ಜೀನನ್ನು ಬೇಕರಿ ಯೀಸ್ಟಿಗೆ ಸೇರಿಸಿ, ದೊಡ್ಡ ಟ್ಯಾಂಕುಗಳಲ್ಲಿ ಬೆಳೆಸಿ, ಯೀಸ್ಟ್ ಹೊರಗೆ ಬಿಟ್ಟ ಪ್ರೋಟೀನನ್ನು ಸೋಸಿ ತೆಗೆದರು. 'ಆಂಟಿಫ್ರೀಜ್' ಅಂದರೆ ಜನ ಕಾರಿನ ರೇಡಿಯೇಟರಿಗೆ ಹಾಕುವ ವಿಷ ಅಂದುಕೊಂಡಾರು ಅಂತ ಹೆಸರನ್ನೂ ಬದಲಾಯಿಸಿದರು. 'ಐಸ್ ಸ್ಟ್ರಕ್ಚರಿಂಗ್ ಪ್ರೋಟೀನ್' ಆಯಿತು. 2003ರಲ್ಲಿ ಅಮೆರಿಕದಲ್ಲಿ ದಾರಿ ಸುಗಮವಾಯಿತು, 2009ರಲ್ಲಿ ಯುರೋಪ್ ಒಪ್ಪಿತು. ಯುರೋಪಿನ ಮಿತಿ 0.01 ಶೇಕಡ, ಅಂದರೆ ಒಂದು ಕಿಲೋ ಐಸ್‌ಕ್ರೀಮಿಗೆ ಹೆಚ್ಚೆಂದರೆ ಒಂದು ಗ್ರಾಮಿನ ಹತ್ತನೇ ಒಂದು ಪಾಲು. ಇಷ್ಟರಿಂದಲೇ ಕೊಬ್ಬು ಕಮ್ಮಿ ಮಾಡಿದರೂ ನುಣುಪು ಉಳಿಯಿತು. ಅಮೆರಿಕದಲ್ಲಿ ಬ್ರೇಯರ್ಸ್ ಹೆಸರಿನ ಕಮ್ಮಿ ಕೊಬ್ಬಿನ ಐಸ್‌ಕ್ರೀಮಿಗೆ ಇದನ್ನು ಹಾಕಿದರು.

ಹಾಗಿದ್ದರೆ ಎಲ್ಲರೂ ಯಾಕೆ ಹಾಕಲಿಲ್ಲ? ನನ್ನ ಲೆಕ್ಕದಲ್ಲಿ ಒಂದು ದೊಡ್ಡ ಕಾರಣ ಗೋರಿಕಾಯಿ. ಹೌದು, ನಾವು ಪಲ್ಯ ಮಾಡುವ ಅದೇ ಗೋರಿಕಾಯಿ, ಕೆಲವರ ಬಾಯಲ್ಲಿ ಚವಳಿಕಾಯಿ. ಅದರ ಬೀಜದ ಹಿಟ್ಟೇ ಗ್ವಾರ್ ಗಮ್. ಜಗತ್ತಿನ ಗ್ವಾರ್ ಬೆಳೆಯಲ್ಲಿ ಹೆಚ್ಚಿನ ಪಾಲು ನಮ್ಮ ದೇಶದ್ದೇ, ಅದರಲ್ಲೂ ರಾಜಸ್ಥಾನದ್ದು. ಐಸ್‌ಕ್ರೀಮ್ ಡಬ್ಬಿಯ ಹಿಂದೆ 'ಸ್ಟೆಬಿಲೈಸರ್' ಅಂತ ಬರೆದಿರುವ ಕಡೆ ನೋಡಿ, ಬಹಳ ಸಲ ಅಲ್ಲಿ ಇರುವುದು ಇದೇ. ಗ್ವಾರ್ ಹರಳನ್ನು ಹಿಡಿದು ನಿಲ್ಲಿಸುವುದಿಲ್ಲ. ಸುತ್ತಲಿನ ನೀರನ್ನು ಗಂಜಿಯ ಹಾಗೆ ಮಂದ ಮಾಡುತ್ತದೆ, ಹರಳು ಬೆಳೆಯುವುದು ನಿಧಾನವಾಗುತ್ತದೆ. ಮೀನಿನ ಪ್ರೋಟೀನಿನಷ್ಟು ಚುರುಕಲ್ಲ, ನಿಜ. ಆದರೆ ಅಗ್ಗ, ಮೂಟೆಗಟ್ಟಲೆ ಸಿಗುತ್ತದೆ, ಯಾರೂ ಪ್ರಶ್ನೆ ಕೇಳುವುದಿಲ್ಲ. ಟ್ಯಾಂಕಿನಲ್ಲಿ ಬೆಳೆಸಿ ಶುದ್ಧ ಮಾಡಿದ ಪ್ರೋಟೀನ್ ಇದರ ಮುಂದೆ ಬೆಲೆಯಲ್ಲಿ ನಿಲ್ಲಬೇಕು. ಅದರ ಮೇಲೆ 'ಮೀನಿನ ಜೀನ್' ಅನ್ನುವ ಮಾತನ್ನೂ ಹೊರಬೇಕು.

ಆ ಮಾತು ಹಗುರದ್ದಲ್ಲ. 1991ರಲ್ಲಿ ಅಮೆರಿಕದ ಡಿಎನ್‌ಎ ಪ್ಲಾಂಟ್ ಟೆಕ್ನಾಲಜಿ ಎಂಬ ಕಂಪನಿ ವಿಂಟರ್ ಫ್ಲೌಂಡರ್ ಮೀನಿನ ಜೀನನ್ನು ಟೊಮೆಟೊ ಗಿಡಕ್ಕೆ ಹಾಕಿ ನೋಡಿತು. ಆ ಟೊಮೆಟೊ ಯಾವ ಅಂಗಡಿಗೂ ಬರಲಿಲ್ಲ. ಆದರೂ ಬಾಲವಿರುವ ಟೊಮೆಟೊ ಚಿತ್ರ ಮಾತ್ರ ಎಷ್ಟೋ ವರ್ಷ ಪ್ರತಿಭಟನೆಯ ಬೋರ್ಡುಗಳ ಮೇಲೆ ಓಡಾಡಿತು. ಜಪಾನಿನ ಕನೇಕ ಕಂಪನಿ ಈ ಗಲಾಟೆಯೇ ಬೇಡ ಅನ್ನುವ ದಾರಿ ಹಿಡಿಯಿತು. ಮೂಲಂಗಿ ಮೊಳಕೆಯಲ್ಲೂ ಇಂಥ ಪ್ರೋಟೀನ್ ಇದೆ. ಅದನ್ನು ತೆಗೆದು ಫ್ರೋಜನ್ ತಿಂಡಿಗಳಿಗೆ ಹಾಕಲು ಮಾರಿತು.

ಎಲ್ಲಕ್ಕಿಂತ ವಿಚಿತ್ರ ಸಾಲ್ಮನ್ ಮೀನಿನ ಕತೆ. ಕೆನಡಾದ ನ್ಯೂಫೌಂಡ್‌ಲೆಂಡಿನಲ್ಲಿ ಚಳಿಗಾಲದ ಸಮುದ್ರ ಸಾಕಿದ ಸಾಲ್ಮನ್‌ಗಳನ್ನು ಕೊಲ್ಲುತ್ತದೆ, ಅವುಗಳ ರಕ್ತದಲ್ಲಿ ಈ ಪ್ರೋಟೀನ್ ಇಲ್ಲ. ಗಾರ್ತ್ ಫ್ಲೆಚರ್ ಮತ್ತು ಚೋಯ್ ಹ್ಯೂ ಎಂಬ ವಿಜ್ಞಾನಿಗಳು ಫ್ಲೌಂಡರ್ ಜೀನನ್ನು ಸಾಲ್ಮನ್‌ಗೆ ಸೇರಿಸಿದರು. ಜೀನ್ ಕೆಲಸ ಮಾಡಿತು, ಆದರೆ ತಯಾರಾದ ಪ್ರೋಟೀನ್ ಯಾವ ಮೂಲೆಗೂ ಸಾಲಲಿಲ್ಲ. ಆಮೇಲೆ ಅವರಿಗೆ ಬೇರೆ ಯೋಚನೆ ಹೊಳೆಯಿತು. ಪ್ರತಿ ಜೀನಿಗೂ ಒಂದು ಸ್ವಿಚ್ ಇರುತ್ತದೆ. ಓಷನ್ ಪೌಟ್‌ನ ಆಂಟಿಫ್ರೀಜ್ ಜೀನಿನ ಸ್ವಿಚ್ಚನ್ನು ಮಾತ್ರ ಕಿತ್ತು, ಅದಕ್ಕೆ ಚಿನೂಕ್ ಸಾಲ್ಮನ್‌ನ ಬೆಳವಣಿಗೆಯ ಹಾರ್ಮೋನ್ ಜೀನ್ ಜೋಡಿಸಿದರು. ಆ ಮೀನು ಸುಮಾರು ಅರ್ಧ ಸಮಯದಲ್ಲೇ ಮಾರುವಷ್ಟು ದೊಡ್ಡದಾಯಿತು. ಇದು 1989ರ ಮಾತು. ಎ/ಎಫ್ ಪ್ರೋಟೀನ್ ಅಂತ ಶುರುವಾದ ವ್ಯವಹಾರ ಅಕ್ವಾಬೌಂಟಿ ಕಂಪನಿಯಾಯಿತು. ಅಮೆರಿಕದ ಒಪ್ಪಿಗೆ ಸಿಗುವ ಹೊತ್ತಿಗೆ 2015ರ ನವೆಂಬರ್ ಬಂದಿತ್ತು. 2024ರ ಡಿಸೆಂಬರಿನಲ್ಲಿ ಕಂಪನಿ ಮೀನು ಸಾಕಣೆಯನ್ನೇ ನಿಲ್ಲಿಸುವುದಾಗಿ ಹೇಳಿತು. ಆ ಮೀನಿನಲ್ಲಿ ಆಂಟಿಫ್ರೀಜ್ ಪ್ರೋಟೀನ್ ಒಂದು ತೊಟ್ಟೂ ಇರಲಿಲ್ಲ. ಪ್ರೋಟೀನ್ ಮಾರಲು ಹೊರಟವರು ಕೊನೆಗೆ ಮಾರಿದ್ದು ಅದರ ಸ್ವಿಚ್ಚು.

ಉಲ್ಟಾ ಕೆಲಸ ಮಾಡುವ ಪ್ರೋಟೀನಿಗೆ ಮಾತ್ರ ಸಲೀಸಾಗಿ ಗಿರಾಕಿ ಸಿಕ್ಕರು, ನೋಡಿ. ಸ್ಯೂಡೋಮೊನಾಸ್ ಸಿರಿಂಜೆ ಎಂಬ ಬ್ಯಾಕ್ಟೀರಿಯಾದ ಮೈಮೇಲಿನ ಪ್ರೋಟೀನ್ ನೀರಿಗೆ ಐಸಿನ ಹೆಪ್ಪು ಹಾಕುತ್ತದೆ. ಸತ್ತ ಬ್ಯಾಕ್ಟೀರಿಯಾವನ್ನು ಒಣಗಿಸಿ 'ಸ್ನೋಮ್ಯಾಕ್ಸ್' ಅಂತ ಸ್ಕೀ ಮೈದಾನದವರಿಗೆ ಮಾರುತ್ತಾರೆ. ಹಿಮ ಬೀಳದ ವರ್ಷ ಅದನ್ನು ನೀರಿಗೆ ಬೆರೆಸಿ ಸಿಡಿಸಿದರೆ ಹಿಮ ರೆಡಿ.

ಆಸ್ಪತ್ರೆಯ ಕಡೆಯಿಂದಲೂ ಆಸೆ ಇತ್ತು. ಕಸಿಗೆ ತೆಗೆದ ಮನುಷ್ಯನ ಹೃದಯವನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಸಾಗಿಸಲು ಸಿಗುವುದು ಹೆಚ್ಚುಕಮ್ಮಿ ನಾಲ್ಕು ಗಂಟೆ. ಈ ಪ್ರೋಟೀನ್ ಹಾಕಿ ಇಲಿಯ ಹೃದಯವನ್ನು ಸೊನ್ನೆಗಿಂತ ಕೆಳಗೆ, ಹೆಪ್ಪುಗಟ್ಟದಂತೆ, ಇಡೀ ದಿನದ ಹತ್ತಿರದವರೆಗೆ ಇಟ್ಟು ಮತ್ತೆ ಬಡಿಯುವಂತೆ ಮಾಡಿದ ಪ್ರಯೋಗಗಳಾಗಿವೆ. ತೊಡಕು ಇರುವುದು ಇನ್ನೂ ಕೆಳಗಿನ ಉಷ್ಣತೆಯಲ್ಲಿ. ಪ್ರೋಟೀನಿನ ಹಿಡಿತ ತಪ್ಪಿದರೆ ಐಸ್ ಗುಂಡಗೆ ಬೆಳೆಯುವುದಿಲ್ಲ, ಸೂಜಿಯ ಹಾಗೆ ಚಾಚಿಕೊಂಡು ಜೀವಕೋಶಗಳನ್ನು ತಿವಿಯುತ್ತದೆ. ಕಾಯಬೇಕಾದದ್ದೇ ಚುಚ್ಚಿದ ಹಾಗಾಯಿತು.

ಇತ್ತೀಚೆಗೆ ರಸಾಯನ ವಿಜ್ಞಾನಿಗಳು ಪ್ರೋಟೀನನ್ನೇ ಬಿಟ್ಟು ಅದರ ನಕಲು ಹುಡುಕುತ್ತಿದ್ದಾರೆ. ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದಲ್ಲಿ ಮ್ಯಾಥ್ಯೂ ಗಿಬ್ಸನ್ ತಂಡ ಬಹಳ ಕೆಲಸ ಮಾಡಿದ್ದು ಪಾಲಿವಿನೈಲ್ ಆಲ್ಕೊಹಾಲ್ ಮೇಲೆ. ಅಂಟಿಗೂ ಬಟ್ಟೆಯ ಗಂಜಿಗೂ ಬಳಸುವ ಅಗ್ಗದ ಮಾಲು ಇದು, ಐಸ್ ಹರಳು ದಪ್ಪಗಾಗುವುದನ್ನು ಚೆನ್ನಾಗೇ ತಡೆಯುತ್ತದೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಇಂಥದ್ದೇ ಪಾಲಿಮರನ್ನು ಕಾಂಕ್ರೀಟಿಗೆ ಬೆರೆಸಿ ನೋಡಿದರು. ಚಳಿ ದೇಶಗಳಲ್ಲಿ ಸಿಮೆಂಟಿನೊಳಗಿನ ನೀರು ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ ರಸ್ತೆ ಬಿರಿಯುತ್ತದೆ, ನಮ್ಮ ಫ್ಯಾಮಿಲಿ ಪ್ಯಾಕಿನ ಹಾಗೆ. ಪಾಲಿಮರ್ ಸೇರಿಸಿದ ಕಾಂಕ್ರೀಟ್ ಆ ಪೆಟ್ಟನ್ನು ತಡೆದುಕೊಂಡಿತು.