ಉಲ್ಟಾ ಆಗುವ ಕೊಡೆಯ ಪರವಾಗಿ

ಗಾಳಿಗೆ ಕೊಡೆ ಉಲ್ಟಾ ಆದಾಗ ನೋಡಿದವರು ನಗುತ್ತಾರೆ. ಹಿಡಿದವರಿಗೆ ನಾಚಿಕೆ. "ಕಡ್ಡಿ ಇನ್ನೂ ದಪ್ಪ ಇರಬೇಕಿತ್ತು" ಅಂತ ಯಾರೋ ಒಬ್ಬರು ತೀರ್ಪು ಕೊಟ್ಟೇ ಕೊಡುತ್ತಾರೆ. ಈ ತೀರ್ಪು ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ. ಕಡ್ಡಿ ದಪ್ಪ ಮಾಡುತ್ತಾ ಹೋದರೆ ಕೊನೆಗೆ ಸಿಗುವುದು ಮಣಿಕಟ್ಟು ಉಳುಕಿಸುವ ಕೊಡೆ. ಉಲ್ಟಾ ಆಗುವುದು ಕೊಡೆಯ ದೋಷ ಅಂತ ನಾನು ಒಪ್ಪುವುದಿಲ್ಲ. ಉಲ್ಟಾ ಆದದ್ದು ಸರಿಯಾಗಿ ವಾಪಸ್ ಬರದಿದ್ದರೆ, ಅದು ದೋಷ.

ಮೊದಲು ಲೆಕ್ಕ. ಬಿಚ್ಚಿದ ಕೊಡೆಯ ಅಗಲ ಒಂದು ಮೀಟರ್ ಅಂತಿಟ್ಟುಕೊಳ್ಳಿ. ಗಾಳಿಗೆ ಎದುರಾಗುವ ಜಾಗ ಮುಕ್ಕಾಲು ಚದರ ಮೀಟರಿಗಿಂತ ಒಂಚೂರು ಜಾಸ್ತಿ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ಅದರ ಉಬ್ಬಿದ ಹೊರಮೈಗೆ ನೇರವಾಗಿ ಬಡಿದರೆ ಸುಮಾರು 2 ಕೆಜಿ ತೂಕದಷ್ಟು ಬಲ. ಅದೇ ಗಾಳಿ ಒಳಮೈಗೆ ನುಗ್ಗಿದರೆ ಆರೂವರೆ ಕೆಜಿಯನ್ನೂ ದಾಟುತ್ತದೆ. ಕೊಡೆ ಅದೇ, ಗಾಳಿ ಅದೇ. ಮುಖ ತಿರುಗಿದ್ದಕ್ಕೇ ಬಲ ಮೂರು ಪಟ್ಟು ಮೀರಿತು.

ಈ ವ್ಯತ್ಯಾಸವನ್ನು ಚೆನ್ನಾಗಿ ದುಡಿಸಿಕೊಂಡವರು ಐರ್ಲೆಂಡಿನ ಆರ್ಮಾ ವೀಕ್ಷಣಾಲಯದಲ್ಲಿದ್ದ ಥಾಮಸ್ ರಾಮ್ನಿ ರಾಬಿನ್ಸನ್. 1846ರಲ್ಲಿ ಅವರು ನಾಲ್ಕು ಅರೆಗೋಳದ ಬಟ್ಟಲುಗಳನ್ನು ಅಡ್ಡಕೋಲುಗಳ ತುದಿಗೆ ಸಿಕ್ಕಿಸಿ ಗಾಳಿಯ ವೇಗ ಅಳೆಯುವ ಯಂತ್ರ ಮಾಡಿದರು. ಒಂದು ಬದಿಯ ಬಟ್ಟಲು ಗಾಳಿಗೆ ಒಳಮೈ ತೋರಿಸುತ್ತದೆ, ಎದುರು ಬದಿಯದ್ದು ಹೊರಮೈ. ಒಳಮೈ ಗೆಲ್ಲುತ್ತದೆ, ಯಂತ್ರ ಗಿರಗಿರ ತಿರುಗುತ್ತದೆ. ಹವಾಮಾನ ಕೇಂದ್ರಗಳ ಮೇಲೆ ಇವತ್ತಿಗೂ ಅದರ ಮೊಮ್ಮಕ್ಕಳು ತಿರುಗುತ್ತಿವೆ. ನಮ್ಮ ಕೈಯಲ್ಲಿರುವ ಕೊಡೆ ಆ ಯಂತ್ರದ ಒಂಟಿ ಬಟ್ಟಲು. ತಿರುಗಲು ಅಚ್ಚು ಇಲ್ಲ, ಅದರ ಬದಲು ನಮ್ಮ ಭುಜ ಇದೆ.

ಇನ್ನೊಂದು ವಿಷಯ. ಗಾಳಿಯ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 72 ಕಿಲೋಮೀಟರಿನ ಗಾಳಿ ಒಳಮೈಗೆ ಸಿಕ್ಕರೆ ಸುಮಾರು 27 ಕೆಜಿ. ಎಂಟೊಂಬತ್ತು ವರ್ಷದ ಮಗು ಕೊಡೆಗೆ ಜೋತುಬಿದ್ದ ಹಾಗೆ. ಅದೂ ಮೆಲ್ಲಗೆ ಬಂದು ಜೋತುಬೀಳುವುದಿಲ್ಲ, ಓಡಿಬಂದು ಹಾರಿ ಹಿಡಿದುಕೊಳ್ಳುತ್ತದೆ. ಗಾಳಿ ಒಂದೇ ಸಮನೆ ಬೀಸಿದರೆ ನಾವು ಹೇಗೋ ವಾಲಿಕೊಂಡು ನಿಭಾಯಿಸಬಹುದು. ರಪ್ಪನೆ ಬರುವ ಬೀಸಿಗೆ ಕೈ ಸಿದ್ಧವಾಗಿರುವುದಿಲ್ಲ.

"ಗಾಳಿ ಕೆಳಗಿನಿಂದ ನುಗ್ಗಿದಾಗ ಮಾತ್ರ ಕೊಡೆ ಮೇಲೇಳುತ್ತದೆ" ಅನ್ನುವುದೂ ಅರ್ಧ ಸತ್ಯ. ಕೊಡೆಯನ್ನು ನೆಟ್ಟಗೆ ಹಿಡಿದು, ಗಾಳಿ ಪೂರ್ತಿ ಅಡ್ಡಕ್ಕೆ ಬೀಸುತ್ತಿದ್ದರೂ ಅದು ಮೇಲಕ್ಕೆ ಎಳೆಯುತ್ತದೆ. ಉಬ್ಬಿದ ಬಟ್ಟೆಯ ಮೇಲೆ ಹಾಯುವ ಗಾಳಿ ಬಾಗಿ ಹೋಗಬೇಕು. ಯಾವುದೇ ವಸ್ತು ಬಾಗಿದ ದಾರಿಯಲ್ಲಿ ಹೋಗಬೇಕಾದರೆ ಅದನ್ನು ಒಳಕ್ಕೆ ತಳ್ಳುವ ಬಲ ಬೇಕು. ಹಗ್ಗಕ್ಕೆ ಕಟ್ಟಿದ ಕಲ್ಲನ್ನು ಗಿರಗಿರ ಬೀಸುವಾಗ ಹಗ್ಗ ಎಳೆದ ಹಾಗೆ. ಗಾಳಿಗೆ ಹಗ್ಗ ಇಲ್ಲ, ಒತ್ತಡದ ವ್ಯತ್ಯಾಸವೇ ಹಗ್ಗ. ಬಟ್ಟೆಯ ಹತ್ತಿರ ಒತ್ತಡ ಕಡಿಮೆ, ದೂರದಲ್ಲಿ ಜಾಸ್ತಿ. ಹಾಗಾಗಿ ಬಟ್ಟೆ ಮೇಲಕ್ಕೆ ಹೀರಲ್ಪಡುತ್ತದೆ. ಬಿರುಗಾಳಿಗೆ ಮನೆಯ ಶೀಟುಗಳು ಹಾರುವುದೂ ಇದೇ ಕಾರಣಕ್ಕೆ. "ಮೇಲಿನ ದಾರಿ ಉದ್ದ, ಅದಕ್ಕೇ ಮೇಲಿನ ಗಾಳಿ ಬೇಗ ಓಡಿ ಕೆಳಗಿನ ಗಾಳಿಯನ್ನು ಸೇರಿಕೊಳ್ಳುತ್ತದೆ" ಅನ್ನುವ ವಿವರಣೆ ಎಷ್ಟೋ ಕಡೆ ಸಿಗುತ್ತದೆ. ದಯವಿಟ್ಟು ಅದನ್ನು ಮರೆತುಬಿಡಿ. ಮುಂದೆ ಇಂಥ ಕಡೆ ಸಿಗೋಣ ಅಂತ ಎರಡು ಗಾಳಿಗಳು ಮಾತಾಡಿಕೊಂಡಿರುವುದಿಲ್ಲ. ಹೊಗೆ ಬಿಟ್ಟು ನೋಡಿದರೆ ವಿಮಾನದ ರೆಕ್ಕೆಯ ಮೇಲಿನ ಗಾಳಿ ಕೆಳಗಿನದಕ್ಕಿಂತ ಮೊದಲೇ ಆಚೆ ತಲುಪಿರುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಕೊಡೆ ಯಾಕೆ ನಿಧಾನವಾಗಿ ಮೇಲಕ್ಕೆ ಬಾಗುವುದಿಲ್ಲ? ಯಾಕೆ "ಫಟ್" ಅಂತ ಒಂದೇ ಏಟಿಗೆ ಮಗುಚುತ್ತದೆ?

ಕೊಡೆಯ ಅಂಚಿನ ಸುತ್ತಳತೆ ನೋಡಿ. ಕಡ್ಡಿಯ ಉದ್ದ 55 ಸೆಂಟಿಮೀಟರ್ ಅನ್ನೋಣ. ಕೊಡೆ ಗುಮ್ಮಟದಂತೆ ಬಾಗಿರುವಾಗ ಕಡ್ಡಿಯ ತುದಿ ನಡುಕೋಲಿನಿಂದ 50 ಸೆಂಟಿಮೀಟರ್ ದೂರದಲ್ಲಿರುತ್ತದೆ. ಅಂಚಿನ ಸುತ್ತಳತೆ 3 ಮೀಟರ್ 14 ಸೆಂಟಿಮೀಟರ್. ಗುಮ್ಮಟ ಮೇಲಕ್ಕೆ ಮಗುಚಬೇಕಾದರೆ ನಡುವೆ ಒಂದು ಕ್ಷಣ ತಟ್ಟೆಯಂತೆ ಚಪ್ಪಟೆ ಆಗಬೇಕು. ಆಗ ತುದಿ 55 ಸೆಂಟಿಮೀಟರ್ ದೂರ ಹೋಗಬೇಕು, ಸುತ್ತಳತೆ 3 ಮೀಟರ್ 45 ಸೆಂಟಿಮೀಟರ್ ಬೇಕು. ಮೂವತ್ತು ಸೆಂಟಿಮೀಟರ್ ಜಾಸ್ತಿ ಬಟ್ಟೆ ಎಲ್ಲಿಂದ ಬರಬೇಕು? ಎಲ್ಲಿಂದಲೂ ಬರುವುದಿಲ್ಲ. ಬಟ್ಟೆ ಬಿಗಿಯುತ್ತದೆ, ಕಡ್ಡಿಗಳು ನುಲಿದು ಬಾಗಿ ಹೇಗೋ ಜಾಗ ಮಾಡಿಕೊಳ್ಳುತ್ತವೆ. ಚಪ್ಪಟೆ ಸ್ಥಿತಿಯನ್ನು ದಾಟಿದ ಕೂಡಲೇ ಸುತ್ತಳತೆ ಮತ್ತೆ ಕಮ್ಮಿ ಸಾಕು, ಬಟ್ಟೆ ಸಡಿಲ. ಅಂದರೆ ನಡುವೆ ಒಂದು ಗುಡ್ಡ ಇದೆ. ಗಾಳಿ ಕೊಡೆಯನ್ನು ಆ ಗುಡ್ಡದ ನೆತ್ತಿಯವರೆಗೆ ತಳ್ಳಿದರೆ ಸಾಕು, ಆಚೆ ಬದಿಗೆ ಅದು ತಾನೇ ಉರುಳುತ್ತದೆ.

ಡಬ್ಬಿಯ ಉಬ್ಬಿದ ತಗಡಿನ ಮುಚ್ಚಳವನ್ನು ಹೆಬ್ಬೆರಳಲ್ಲಿ ಒತ್ತಿ "ಟಕ್" ಅನ್ನಿಸಿದ್ದೀರಲ್ವಾ? ಅದೇ ಇದು. ಹುಡುಗಿಯರು ಕೂದಲಿಗೆ ಹಾಕುವ ಟಿಕ್‌ಟಾಕ್ ಕ್ಲಿಪ್ಪೂ ಇದೇ. ವೈರಿಂಗ್ ಮಾಡುವವರು ಹಾಕುವ ದೀಪದ ಸ್ವಿಚ್ಚಿಗೂ ಎರಡೇ ನೆಮ್ಮದಿಯ ಜಾಗ, ನಡುವೆ ನಿಲ್ಲಲು ಬಿಡುವುದಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ಬೆರಳ ತುದಿಯಲ್ಲಿ ಮಗುಚಿಕೊಳ್ಳುವುದೂ ಹೀಗೇ. ಉದಾಹರಣೆ ಸಾಕು ಅನ್ನುತ್ತೀರಿ. ಸರಿ, ಬಿಟ್ಟೆ.

ಈ ಮಗುಚುವಿಕೆಯಿಂದ ನಮಗೇನು ಲಾಭ? ಮಗುಚಿದ ಕ್ಷಣ ಒಳಮೈಗೆ ತುಂಬಿದ್ದ ಗಾಳಿಗೆ ಹಿಡಿತ ತಪ್ಪುತ್ತದೆ. ಕೆಳಗಿನಿಂದ ಬಂದ ಗಾಳಿಗೆ ಈಗ ಎದುರಾಗುವುದು ಉಬ್ಬಿದ ಮೈ. ಆರೂವರೆ ಕೆಜಿ ಇದ್ದದ್ದು ಎರಡಕ್ಕೆ ಇಳಿಯಿತು. ಕೈ ಬಚಾವ್. ಮನೆಯ ಮೀಟರ್ ಹತ್ತಿರ ಇರುವ ಫ್ಯೂಸ್ ಸುಟ್ಟು ಟಿವಿಯನ್ನು ಉಳಿಸಿದಂತೆ. ಫ್ಯೂಸ್ ಸುಟ್ಟಿತು ಅಂತ ಅಲ್ಲಿಗೆ ದಪ್ಪ ತಂತಿ ಕಟ್ಟುವವರೇ ಕೊಡೆಗೂ ದಪ್ಪ ಕಡ್ಡಿ ಕೇಳುವವರು.

ಹಾಗಾದರೆ ಕೊಡೆ ಮುರಿಯುವುದು ಎಲ್ಲಿ? ಕೆಟ್ಟುಹೋದ ಕೊಡೆ ಸಿಕ್ಕರೆ ಎಸೆಯುವ ಮುಂಚೆ ಒಮ್ಮೆ ನೋಡಿ. ಉದ್ದ ಕಡ್ಡಿಯ ನಡುವೆ, ಕೆಳಗಿನಿಂದ ಆಸರೆ ಕಡ್ಡಿ ಬಂದು ಸೇರುವ ಕೀಲಿನ ಹತ್ತಿರವೇ ಸಾಮಾನ್ಯವಾಗಿ ಮಡಿದಿರುತ್ತದೆ. ಆ ಕೀಲಿನಿಂದಾಚೆ ಕಡ್ಡಿಗೆ ಬೇರೆ ಆಸರೆ ಇಲ್ಲ. ತುದಿಯನ್ನು ಗಾಳಿ ಎತ್ತಿದಾಗ ಬಾಗುವಿಕೆಯ ಒತ್ತಡವೆಲ್ಲ ಅಲ್ಲಿಗೇ ಬಂದು ಬೀಳುತ್ತದೆ.

ಇಲ್ಲಿ ಚರಿತ್ರೆ ಸ್ವಲ್ಪ ಹೇಳಲೇಬೇಕು. ಹಳೆಯ ಯುರೋಪಿನ ಕೊಡೆಗಳಿಗೆ ಬೆತ್ತದ ಕಡ್ಡಿ ಇರುತ್ತಿತ್ತು, ಇಲ್ಲವೇ ತಿಮಿಂಗಿಲದ ಬಾಯಿಯಲ್ಲಿ ಜಾಲರಿಯಂತೆ ನೇತಾಡುವ ಪಟ್ಟಿಗಳದ್ದು. ಭಾರ ಜಾಸ್ತಿ, ಆದರೆ ಬಳುಕುತ್ತಿದ್ದವು. 1852ರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಫಾಕ್ಸ್ ಉಕ್ಕಿನ ಕಡ್ಡಿ ತಂದರು. ಅವರ ಜಾಣತನ ಉಕ್ಕಿನಲ್ಲಿರಲಿಲ್ಲ, ಆಕಾರದಲ್ಲಿತ್ತು. ಗಟ್ಟಿ ಸರಳಿನ ಬದಲು ತೆಳು ಪಟ್ಟಿಯನ್ನು ಕಾಲುವೆಯಂತೆ ಮಡಿಸಿದರು. ಒಂದು ಹಾಳೆಯನ್ನು ಅಂಚಲ್ಲಿ ಹಿಡಿದರೆ ಜೋತುಬೀಳುತ್ತದೆ, ನಡುವೆ ಮಡಿಸಿ ಹಿಡಿದರೆ ನೆಟ್ಟಗೆ ನಿಲ್ಲುತ್ತದೆ. ಅಷ್ಟೇ ಗುಟ್ಟು. ಕೊಡೆ ಹಗುರಾಯಿತು. ಫಾಕ್ಸ್ ಕೊಟ್ಟ ಆಕಾರದ ಕಡ್ಡಿ ಇವತ್ತಿಗೂ ಲಕ್ಷಾಂತರ ಕೊಡೆಗಳಲ್ಲಿದೆ.

ಆದರೆ ಕಾಲುವೆ ಆಕಾರಕ್ಕೆ ಒಂದು ಕೆಟ್ಟ ಗುಣ ಇದೆ. ಬಡಗಿಯ ಸ್ಟೀಲ್ ಟೇಪನ್ನು ಹೊರಗೆಳೆಯುತ್ತಾ ಹೋಗಿ. ಬಹಳ ದೂರ ನೆಟ್ಟಗೇ ಇರುತ್ತದೆ, ಆಮೇಲೆ ಒಂದು ಜಾಗದಲ್ಲಿ ಫಕ್ಕನೆ ಮಡಿಯುತ್ತದೆ. ಕಾಲುವೆಯ ಗೋಡೆಗಳು ಅಲ್ಲಿ ಚಪ್ಪಟೆಯಾದವು, ಆಕಾರ ಹೋಯಿತು, ಬಲವೂ ಹೋಯಿತು. ಟೇಪು ಸ್ಪ್ರಿಂಗ್ ಉಕ್ಕಿನದ್ದು, ವಾಪಸ್ ಬರುತ್ತದೆ. ಅಗ್ಗದ ಕೊಡೆಯ ಕಡ್ಡಿ ಬರುವುದಿಲ್ಲ. ಸಾಮಾನ್ಯ ಉಕ್ಕನ್ನು ಸಾವಿರದಲ್ಲಿ ಒಂದೆರಡು ಪಾಲಿನಷ್ಟು ಎಳೆದರೆ ಸಾಕು, ಶಾಶ್ವತವಾಗಿ ಬಾಗಿಬಿಡುತ್ತದೆ.

ಕೊಡೆ ಮುರಿಯದಂತೆ ಉಳಿಸುವ ಮೊದಲ ದಾರಿ ಫೈಬರ್‌ಗ್ಲಾಸ್ ಕಡ್ಡಿ, ಅಂದರೆ ಗಾಜಿನ ಎಳೆ ಸೇರಿಸಿದ ಪ್ಲಾಸ್ಟಿಕ್. ಅದು ಗೆಲ್ಲುವುದು ಇಲ್ಲಿ. ಅದು ಉಕ್ಕಿಗಿಂತ ಎಷ್ಟೋ ಮೆತ್ತಗೆ, ಬಿಗಿತದಲ್ಲಿ ಸುಮಾರು ಐದನೇ ಒಂದು ಭಾಗ. ಆದರೆ ನೂರರಲ್ಲಿ ಒಂದೆರಡು ಪಾಲು ಎಳೆದರೂ ಬಿಟ್ಟಾಗ ಮೊದಲಿನಂತೆ ಆಗುತ್ತದೆ. ಉಕ್ಕಿನ ಹತ್ತು ಪಟ್ಟು ತಾಳ್ಮೆ. ಒಂದು ಲೆಕ್ಕದಲ್ಲಿ ನಾವು ಮತ್ತೆ ಬಳುಕುವ ಬೆತ್ತದ ಕಾಲಕ್ಕೆ ಮರಳಿದ್ದೇವೆ, ಭಾರ ಮಾತ್ರ ಬಿಟ್ಟು. ಚೀಲಕ್ಕೆ ಹೋಗುವ ಮಡಚುವ ಕೊಡೆಗಳ ಬಗ್ಗೆ ನನಗೆ ಅಷ್ಟು ಗೌರವ ಇಲ್ಲ. ಹಾನ್ಸ್ ಹೌಪ್ಟ್ 1928ರಲ್ಲಿ ಜರ್ಮನಿಯಲ್ಲಿ ಆ ಉಪಾಯ ಮಾಡಿದ್ದು ನಿಜಕ್ಕೂ ದೊಡ್ಡದು, ಆದರೆ ಪ್ರತಿ ಕೀಲೂ ಗಾಳಿಗೆ ಕೊಟ್ಟ ಆಹ್ವಾನ.

ಎರಡನೇ ದಾರಿ, ಗಾಳಿಗೆ ಬಾಗಿಲು ತೆರೆಯುವುದು. ಇದನ್ನು ಕೊಡೆ ತನ್ನ ಅಣ್ಣ ಪ್ಯಾರಚೂಟಿನಿಂದ ಕಲಿಯಿತು. ಅಥವಾ ತಮ್ಮ ಅನ್ನಬೇಕೇನೋ. ಯಾಕಂದರೆ ಫ್ರಾನ್ಸಿನ ಲೆನೊರ್ಮಾಂ 1783ರಲ್ಲಿ ಮರದಿಂದ ಹಾರಿದ್ದು ಎರಡು ಛತ್ರಿ ಹಿಡಿದುಕೊಂಡೇ. 1797ರಲ್ಲಿ ಗಾರ್ನರಾಂ ಪ್ಯಾರಿಸ್ಸಿನ ಮೇಲೆ ಬಲೂನಿನಿಂದ ಹಾರಿದಾಗ ಅವರ ರೇಷ್ಮೆಯ ಪ್ಯಾರಚೂಟು ತೊಟ್ಟಿಲಿನಂತೆ ತೂಗಾಡಿತು. ಒಳಗೆ ಸಿಕ್ಕ ಗಾಳಿ ಒಮ್ಮೆ ಈ ಅಂಚಿನಿಂದ, ಒಮ್ಮೆ ಆ ಅಂಚಿನಿಂದ ನುಸುಳುತ್ತಿತ್ತು. ಆಮೇಲೆ ನೆತ್ತಿಯಲ್ಲಿ ಒಂದು ತೂತು ಬಿಟ್ಟರು, ತೂಗಾಟ ತಗ್ಗಿತು. ಎರಡು ಪದರದ ಕೊಡೆಯಲ್ಲಿ ಇರುವುದೂ ಅದೇ ತೂತು. ಮಳೆ ಬರಬಾರದಲ್ಲ, ಅದಕ್ಕೆ ಮೇಲೊಂದು ಟೋಪಿ. ಗಾಳಿ ಜೋರಾದಾಗ ಟೋಪಿ ಎದ್ದು ದಾರಿ ಬಿಡಬೇಕು. ಸುಮ್ನೆ ತೋರಿಕೆಗೆ ಟೋಪಿ ಇಟ್ಟು ಸುತ್ತಲೂ ಬಿಗಿಯಾಗಿ ಹೊಲಿದಿದ್ದರೆ ಅದು ಅಲಂಕಾರ ಅಷ್ಟೇ. ಕೊಳ್ಳುವ ಮುಂಚೆ ಬೆರಳು ಹಾಕಿ ಎತ್ತಿ ನೋಡಿ.

ಮೂರನೇ ದಾರಿ ನನಗೆ ಎಲ್ಲಕ್ಕಿಂತ ಚೆಂದ ಅನ್ನಿಸುತ್ತದೆ. ಕೊಡೆ ದುಂಡಗೇ ಇರಬೇಕು ಅಂತ ಯಾರು ಹೇಳಿದರು? ನೆದರ್ಲೆಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿ ಗೆರ್ವಿನ್ ಹೋಗೆಂಡೋರ್ನ್ ಈ ಪ್ರಶ್ನೆ ಕೇಳಿದರು. 2006ರಲ್ಲಿ ಮಾರುಕಟ್ಟೆಗೆ ಬಂದ ಸೆನ್ಜ್ ಕೊಡೆ ಮುಂದೆ ಗಿಡ್ಡ, ಹಿಂದೆ ಉದ್ದ. ಕೋಲು ನಡುವೆ ಇಲ್ಲ, ಮುಂದಕ್ಕಿದೆ. ಗಾಳಿ ಹಿಡಿಯುವ ಬಟ್ಟೆ ಹೆಚ್ಚಿನದು ಹಿಡಿಕೆಯ ಹಿಂದೆ. ಬಾಣದ ಹಿಂದೆ ಗರಿ ಇರುವಂತೆ, ಗಾಳಿಕೋಳಿಗೆ ಬಾಲ ಇರುವಂತೆ, ಶಟಲ್ ಕಾಕಿನ ರೆಕ್ಕೆ ಹಿಂದೆ ಉಳಿಯುವಂತೆ. ಗಾಳಿ ದಿಕ್ಕು ಬದಲಿಸಿದರೆ ಕೊಡೆ ಕೈಯಲ್ಲೇ ತಿರುಗಿ ಗಿಡ್ಡ ಮೂಗನ್ನು ಗಾಳಿಗೆ ಒಡ್ಡುತ್ತದೆ. ಒಳಮೈ ತೋರಿಸುವ ತಪ್ಪನ್ನು ಮಾಡಲು ಅದು ನಮ್ಮನ್ನು ಬಿಡುವುದಿಲ್ಲ.

ಅದು ಗಂಟೆಗೆ 100 ಕಿಲೋಮೀಟರ್ ಗಾಳಿ ತಡೆಯುತ್ತದೆ ಅಂತ ಕಂಪನಿ ಹೇಳಿಕೊಳ್ಳುತ್ತದೆ. ಕೊಡೆ ತಡೆಯಬಹುದು. ನಾವು? ನಮ್ಮ ಒಂದು ಮೀಟರಿನ ಕೊಡೆಯ ಹೊರಮೈಗೇ ಆ ಗಾಳಿ ಹದಿನೈದು ಕೆಜಿಯಷ್ಟು ಒತ್ತುತ್ತದೆ. ಮರಗಳು ಬುಡಮೇಲಾಗುವ ಗಾಳಿ ಅದು.

ದುಂಡು ಕೊಡೆ ಇರುವವರು ಏನು ಮಾಡಬೇಕು? ಗಾಳಿಗೆ ಬಾಗಿಸಿ ಹಿಡಿಯಿರಿ. ಹೇಗೂ ಮಳೆಯೂ ಆ ಕಡೆಯಿಂದಲೇ ಬರುತ್ತಿರುತ್ತದೆ. ಒಂದು ಮಿಲಿಮೀಟರಿನ ಹನಿ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಬೀಳುತ್ತದೆ. ಗಾಳಿ ಅದನ್ನು 10 ಮೀಟರ್ ವೇಗದಲ್ಲಿ ಅಡ್ಡಕ್ಕೆ ಒಯ್ದರೆ, ಮಳೆ ಬೀಳುವುದಕ್ಕಿಂತ ಹಾರುವುದೇ ಜಾಸ್ತಿ. ಉಲ್ಟಾ ಆದರೆ ಕಡ್ಡಿ ಹಿಡಿದು ಜಗ್ಗಬೇಡಿ. ಕೊಡೆಯ ನೆತ್ತಿಯ ತುದಿಯನ್ನು ಗಾಳಿಗೆ ತಿರುಗಿಸಿ. ಮಗುಚಿದ ಬಟ್ಟಲಿಗೆ ಈಗ ಆ ಕಡೆಯಿಂದ ಗಾಳಿ ತುಂಬಿ, ಮಗುಚಿದ ಗಾಳಿಯೇ ಅದನ್ನು ವಾಪಸ್ ಮಗುಚುತ್ತದೆ.

ಗಾಳಿಯ ಜೋರನ್ನು ಅಂಕಿಯಲ್ಲಿ ಹೇಳುವ ಬೋಫರ್ಟ್ ಮಾಪಕ ಗೊತ್ತಿರಬೇಕು. 1805ರಲ್ಲಿ ಹಡಗುಗಳಿಗೆ ಮಾಡಿದ್ದು, ಆಮೇಲೆ ನೆಲದ ಗುರುತುಗಳನ್ನೂ ಸೇರಿಸಿದರು. ಅದರ 6ನೇ ಮೆಟ್ಟಿಲು, ಗಂಟೆಗೆ 39ರಿಂದ 49 ಕಿಲೋಮೀಟರ್. ಅಲ್ಲಿ ಬರೆದಿರುವ ಗುರುತುಗಳಲ್ಲಿ ಒಂದು, ಕೊಡೆ ಹಿಡಿಯುವುದು ಕಷ್ಟ. 7ರಿಂದ ಮುಂದೆ ಕೊಡೆಯ ಸುದ್ದಿಯೇ ಇಲ್ಲ.